ಬಾಯಿಯ ಕ್ಯಾನ್ಸರ್ ಮತ್ತು ಪರೋಪಜೀವಿಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಪರೋಪಜೀವಿಗಳಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಕೇಳಿದರೆ ಹೌದು ಎನ್ನುತ್ತೇನೆ. ಬಾಯಿಯ ಕ್ಯಾನ್ಸರ್ ಬರುತ್ತದೆಯೇ ಎಂದರೆ, ಹಾಗೆಂದು ಸಾಬೀತಾದ ಪರೋಪಜೀವಿ ಒಂದೂ ಇಲ್ಲ. ಈ ಎರಡನ್ನೂ ದಯವಿಟ್ಟು ಬೆರೆಸಬೇಡಿ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕವೆಂದು ಖಚಿತಪಡಿಸಿರುವ ಹುಳುಗಳು ಮೂರು. ಒಂದರ ಮೊಟ್ಟೆಗಳು ಮೂತ್ರಕೋಶದ ಗೋಡೆಯಲ್ಲಿ ಸಿಕ್ಕಿಕೊಂಡು, ಅಲ್ಲಿ ವರ್ಷಗಟ್ಟಲೆ ಉರಿಯೂತ ಆರದೆ ಉಳಿದು, ಕೊನೆಗೆ ಜೀವಕೋಶಗಳ ಬೆಳವಣಿಗೆಯೇ ಹತೋಟಿ ತಪ್ಪುತ್ತದೆ. ಉಳಿದೆರಡು ಹಸಿ ಮೀನಿನ ಮೂಲಕ ದೇಹವನ್ನು ಸೇರಿ ಪಿತ್ತನಾಳವನ್ನು ಕೆಡಿಸುತ್ತವೆ. ಬಾಯಿ ಈ ಪಟ್ಟಿಯಲ್ಲಿಲ್ಲ.

ಇಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಯೊಹಾನೆಸ್ ಫಿಬಿಗರ್ ಅವರ ಕಥೆಯನ್ನು ಹೇಳಲೇಬೇಕು. 1907ರಲ್ಲಿ ಮೂರು ಇಲಿಗಳ ಜಠರದಲ್ಲಿ ಗಡ್ಡೆಗಳನ್ನೂ ಅವುಗಳೊಳಗೆ ಹುಳುಗಳನ್ನೂ ಕಂಡ ಅವರು, ಅಂಥದೇ ಇಲಿಗಳಿಗಾಗಿ ಸಾವಿರಕ್ಕೂ ಹೆಚ್ಚು ಇಲಿಗಳನ್ನು ಕೊಯ್ದು ನೋಡಿದರು, ಸಿಗಲಿಲ್ಲ. ಕೊನೆಗೆ ಕೋಪನ್‌ಹೇಗನ್ನಿನ ಸಕ್ಕರೆ ಕಾರ್ಖಾನೆಯೊಂದರ ಇಲಿಗಳಲ್ಲಿ ಆ ಹುಳು ಸಿಕ್ಕಿತು. ಅದು ಜಿರಳೆಗಳ ಮೂಲಕ ಹರಡುತ್ತದೆ ಎಂಬುದನ್ನು ಅವರು ಪತ್ತೆ ಹಚ್ಚಿದರು. ಆ ಜಿರಳೆಗಳನ್ನು ತಿನ್ನಿಸಿದಾಗ ಬೇರೆ ಇಲಿಗಳಲ್ಲೂ ಗಡ್ಡೆ ಕಾಣಿಸಿಕೊಂಡಿತು. 1926ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರಿಗೇ ಸಂದಿತು. ಮುಂದೆ ಬೇರೆಯವರು ಪರೀಕ್ಷಿಸಿದಾಗ, ಆ ಇಲಿಗಳ ಆಹಾರದಲ್ಲಿ ಎ ಜೀವಸತ್ವದ ಕೊರತೆಯಿದ್ದದ್ದೂ, ಗಡ್ಡೆಗಳು ನಿಜವಾದ ಕ್ಯಾನ್ಸರ್ ಅಲ್ಲದಿದ್ದದ್ದೂ ತಿಳಿದುಬಂತು. ಹುಳು ಅಲ್ಲಿತ್ತು, ಆದರೆ ಕ್ಯಾನ್ಸರಿಗೆ ಕಾರಣವಾಗಿರಲಿಲ್ಲ.

ಬಾಯಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ವಸಡಿನ ರೋಗವಿರುವವರ ಹಲ್ಲಿನ ಬುಡದಲ್ಲಿ ಎಂಟಮೀಬಾ ಜಿಂಜಿವಾಲಿಸ್ ಎಂಬ ಅಮೀಬಾ, ಅಂದರೆ ಒಂದೇ ಜೀವಕೋಶದ ಪರೋಪಜೀವಿ, ಹೆಚ್ಚಾಗಿ ಕಾಣಸಿಗುತ್ತದೆ. ಕೊಳೆ ಸೇರಿದ, ಊದಿದ ವಸಡು ಅದಕ್ಕೆ ಒಳ್ಳೆಯ ನೆಲೆ. ಅದು ಅಲ್ಲಿದೆ ಎಂದಮಾತ್ರಕ್ಕೆ ಕ್ಯಾನ್ಸರಿಗೆ ಅದೇ ಕಾರಣವೆನ್ನಲಾಗದು.

ಸಮಯ ಮುಗಿಯುತ್ತಿದೆ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಬಾಯಿಯ ಕ್ಯಾನ್ಸರಿನ ಸಾಬೀತಾದ ಮುಖ್ಯ ಕಾರಣಗಳು ತಂಬಾಕು, ಅಡಿಕೆ ಮತ್ತು ಮದ್ಯ. ಇವನ್ನು ಬಿಡದೆ ಜಂತುಹುಳುವಿನ ಮಾತ್ರೆಯನ್ನು ನಂಬಿ ತಿಂಗಳುಗಟ್ಟಲೆ ಕಾಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಾಲಿಗೆಯ ಅಂಚು, ಅದರ ಅಡಿಭಾಗ, ಕೆನ್ನೆಯ ಒಳಬದಿಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ನೋವಿಲ್ಲದಿದ್ದರೂ ಸರಿಯೇ, ವೈದ್ಯರಿಗೆ ತೋರಿಸಿ. ಅವರು ಬಯಾಪ್ಸಿ ಮಾಡಬೇಕೆಂದರೆ ಮುಂದೂಡಬೇಡಿ. ಅಲ್ಲಿಂದ ತೆಗೆದ ಸಣ್ಣ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಖಚಿತವಾಗುತ್ತದೆ.