ಪಹಣಿಯಲ್ಲಿ ಇಲ್ಲದ ಹೆಸರು

ಪ್ರಿಯ ಶ್ರೋತೃಗಳೇ, ನಮಸ್ಕಾರ.

ಸ್ತ್ರೀವಾದ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕೋಲಾರ ಸೀಮೆಯ ಹಳ್ಳಿಗಳಲ್ಲಿ ಅನೇಕರು ಅದು ಪಟ್ಟಣದವರ, ಓದಿದವರ ವಿಚಾರವೆಂದು ಪಕ್ಕಕ್ಕೆ ಸರಿಸಿಬಿಡುತ್ತಾರೆ. ನನಗೆ ಅದರ ಅರ್ಥ ತಿಳಿದದ್ದು ಒಂದು ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದಾಗ.

ಅದು 2011ನೇ ಇಸವಿ. ನಮ್ಮ ಅಮ್ಮನ ತವರು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಸೋದರಮಾವನಿಗೆ ಬೋರು ಕೊರೆಸಬೇಕಿತ್ತು. ಸಾವಿರ ಅಡಿ ಇಳಿದರೂ ನೀರು ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಲ್ಲದ ನಾಡು ನಮ್ಮದು. ಸಾಲ ಬೇಕಿತ್ತು, ಜಮೀನಿನ ಖಾತೆ ಒಬ್ಬರ ಹೆಸರಿಗೇ ಬಂದರೆ ಸಾಲ ಸಲೀಸಾಗುತ್ತದೆ ಎಂದು ಯಾರೋ ಹೇಳಿದ್ದರು. ಹಾಗಾಗಿ ಅಮ್ಮ ಮತ್ತು ಇಬ್ಬರು ಚಿಕ್ಕಮ್ಮಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಬಂದಿದ್ದರು. ಚಿಕ್ಕಮ್ಮಂದಿರದು ಬೇಗ ಮುಗಿಯಿತು. ಅಮ್ಮನ ಬೆರಳನ್ನು ಮಾತ್ರ ಯಂತ್ರ ಓದಲಿಲ್ಲ. ಗುಮಾಸ್ತರು ಗಾಜನ್ನು ಒರೆಸಿದರು, ಅಮ್ಮನ ಕೈಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಲು ಹೇಳಿದರು, ಇನ್ನೂ ಗಟ್ಟಿಯಾಗಿ ಒತ್ತಿ ಎಂದರು. ಮದುವೆಗೆ ಮುಂಚೆ ಅದೇ ಜಮೀನಿನಲ್ಲಿ, ಆಮೇಲೆ ಗಂಡನ ಮನೆಯ ಜಮೀನಿನಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸಿ ಬಿಡಿಸಿ, ಹಸುವಿನ ಹಾಲು ಕರೆದು ಕರೆದು, ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಆ ನೆಲಕ್ಕೆ ದುಡಿದ ಗುರುತಿನಿಂದಾಗಿಯೇ ಆ ನೆಲವನ್ನು ಬಿಟ್ಟುಕೊಡುವ ಕಾಗದಕ್ಕೆ ಅವರ ಗುರುತು ಮೂಡುತ್ತಿರಲಿಲ್ಲ. ಐದಾರು ಸಲ ಒತ್ತಿದ ಮೇಲೆ ಹೇಗೋ ಮೂಡಿತು. ಮಾವ ಮೂವರಿಗೂ ಸೀರೆ, ಕುಪ್ಪಸ, ಅರಿಶಿನ ಕುಂಕುಮ ಕೊಟ್ಟರು. ಹೋಟೆಲಿನಲ್ಲಿ ಊಟ ಹಾಕಿಸಿದರು.

ನಮ್ಮ ಮಾವ ಕೆಟ್ಟವರಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಹೆಣ್ಣುಮಕ್ಕಳ ಪಾಲನ್ನು ಕೆಟ್ಟವರು ಮಾತ್ರ ಕಿತ್ತುಕೊಳ್ಳುತ್ತಾರೆ ಎಂದು ನಾವು ತಿಳಿದಿರುವವರೆಗೂ ಈ ಸಂಗತಿ ನಮಗೆ ಅರ್ಥವಾಗುವುದಿಲ್ಲ. ಒಳ್ಳೆಯವರ ಮನೆಯಲ್ಲೂ ಇದು ನಡೆಯುತ್ತದೆ, ಊಟ ಹಾಕಿಸಿ, ಮಡಿಲು ತುಂಬಿ ನಡೆಯುತ್ತದೆ. ತವರಿನ ಬಾಗಿಲು ತೆರೆದಿರಬೇಕಾದರೆ ಪಾಲು ಕೇಳಬಾರದು ಎಂಬುದು ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರಿಗೂ ಗೊತ್ತಿರುವ ಕರಾರು. ಅಣ್ಣತಮ್ಮಂದಿರು ತಮ್ಮತಮ್ಮಲ್ಲಿ ಪಾಲಾದರೆ ಅದನ್ನು ವಿಭಾಗ ಎನ್ನುತ್ತೇವೆ, ಅಕ್ಕತಂಗಿಯರು ಕೇಳಿದರೆ ಮನೆ ಒಡೆಯುವುದು ಎನ್ನುತ್ತೇವೆ. ಸಮಾನತೆಯ ಪ್ರಶ್ನೆ ಇರುವುದು ಈ ಎರಡು ಮಾತುಗಳ ನಡುವೆ.

ಕಾನೂನು ಈ ವಿಷಯದಲ್ಲಿ ಬಹಳ ಹಿಂದೆಯೇ ಹೆಜ್ಜೆ ಇಟ್ಟಿತ್ತು. ಕೋಲಾರ ಜಿಲ್ಲೆಯು ಮೈಸೂರು ಸಂಸ್ಥಾನದಲ್ಲಿದ್ದಾಗ, 1933ರಲ್ಲಿಯೇ, ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಒಂದಿಷ್ಟು ಹಕ್ಕು ಕೊಡುವ ಕಾಯ್ದೆ ಬಂದಿತ್ತು. ಸ್ವಾತಂತ್ರ್ಯಾನಂತರ ಡಾ. ಅಂಬೇಡ್ಕರ್ ಅವರು ಹಿಂದೂ ಸಂಹಿತೆಯ ಮಸೂದೆಗಾಗಿ ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ; ಅದು ಮುಂದೆ ಸಾಗದೆ ಹೋದದ್ದು 1951ರಲ್ಲಿ ಅವರು ಮಂತ್ರಿಪದವಿಯನ್ನು ಬಿಡಲು ಒಂದು ಮುಖ್ಯ ಕಾರಣವಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ವಾರಸುದಾರಳೆಂದು ಒಪ್ಪಿತಾದರೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕವು 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಹಕ್ಕನ್ನು ಮಗಳಿಗೂ ಕೊಟ್ಟಿತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ನಮ್ಮ ಅಮ್ಮನಂಥ ಲಕ್ಷಾಂತರ ಹೆಣ್ಣುಮಕ್ಕಳು ಒಂದು ತಾರೀಖಿನ ಆಚೆಗೆ ಉಳಿದುಬಿಟ್ಟರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಗೋಡೆಯನ್ನು ಕೆಡವಿತು. ಆ ದಿನ ತಂದೆ ಬದುಕಿರಬೇಕೋ ಬೇಡವೋ ಎಂಬ ತಕರಾರು ಹದಿನೈದು ವರ್ಷ ನಡೆದು, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು ತೀರ್ಪಿತ್ತಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕವೋ ಕೋರ್ಟಿನ ಡಿಕ್ರಿಯ ಮೂಲಕವೋ ವಿಭಾಗವಾಗಿದ್ದರೆ ಅದನ್ನು ಕದಲಿಸುವಂತಿಲ್ಲ.

ಹಾಗಾದರೆ 2011ರಲ್ಲಿ ನಮ್ಮ ಅಮ್ಮನಿಗೆ ಹಕ್ಕಿತ್ತು. ಅವರು ಅದನ್ನು ತಿಳಿದು ಬಿಟ್ಟುಕೊಟ್ಟಿದ್ದರೆ ನನಗೆ ದುಃಖವಿರುತ್ತಿರಲಿಲ್ಲ. ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ಆ ದಿನ ಮೂವರಲ್ಲಿ ಒಬ್ಬರಿಗೂ ಯಾರೂ ಓದಿ ಹೇಳಲಿಲ್ಲ. ಸಾಲಕ್ಕಾಗಿ ಅದು ಬೇಕಾಗಿಯೂ ಇರಲಿಲ್ಲ. ಜಂಟಿ ಖಾತೆ ಮಾಡಿಸಿ, ನಾಲ್ವರೂ ಒಪ್ಪಿ ರುಜು ಹಾಕಿದ್ದರೆ ಅದೇ ಜಮೀನಿನ ಮೇಲೆ ಸಾಲ ಎತ್ತಬಹುದಿತ್ತು.

ವರದಕ್ಷಿಣೆ, ಒಡವೆ, ಮದುವೆ ಖರ್ಚು ಎಲ್ಲ ಕೊಟ್ಟಾಯಿತಲ್ಲ, ಇನ್ನೇನು ಪಾಲು ಎಂದು ಕೇಳುವವರಿದ್ದಾರೆ. ವರದಕ್ಷಿಣೆಯನ್ನು 1961ರಲ್ಲೇ ಕಾನೂನು ನಿಷೇಧಿಸಿದೆ. ಅದು ಹೋಗುವುದು ಗಂಡನ ಮನೆಗೆ, ಮಗಳ ಕೈಗಲ್ಲ. ನೆಲ ಹಾಗಲ್ಲ. ಗಂಡ ಹೊಡೆದು ಹೊರಗೆ ಹಾಕಿದ ರಾತ್ರಿ ಹೆಣ್ಣಿಗೆ ಹೋಗಲು ಒಂದು ಜಾಗವಿದೆಯೇ, ಇಲ್ಲವೇ ಎಂಬುದನ್ನು ಅವಳ ಹೆಸರಿನಲ್ಲಿರುವ ಒಂದು ಎಕರೆ ತೀರ್ಮಾನಿಸುತ್ತದೆ.

ಗಂಡನ ಮನೆಯ ಜಮೀನಿನಲ್ಲೂ ಹೆಣ್ಣಿನ ಸ್ಥಿತಿ ಬೇರೆಯಲ್ಲ. ರೇಷ್ಮೆ ಸಾಕುವ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ, ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಕೊಡುವವರು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರು ಹೆಚ್ಚಾಗಿ ಹೆಂಗಸರು. ಗೂಡನ್ನು ಮಾರುಕಟ್ಟೆಗೆ ಕೊಂಡೊಯ್ದು ದುಡ್ಡು ಎಣಿಸಿಕೊಳ್ಳುವವರು ಗಂಡಸರು. ಡೇರಿಗೆ ಹಾಲು ಹಾಕುವವಳು ಹೆಂಡತಿ, ಸಂಘದ ಸದಸ್ಯತ್ವ ಎಷ್ಟೋ ಮನೆಗಳಲ್ಲಿ ಗಂಡನದು. ನಮ್ಮ ದೇಶದ ಹಳ್ಳಿಗಳಲ್ಲಿ ದುಡಿಯುವ ಹೆಂಗಸರಲ್ಲಿ ನಾಲ್ವರಿಗೆ ಮೂವರು ಬೇಸಾಯದಲ್ಲಿದ್ದಾರೆ. ಆದರೆ 2015-16ರ ಕೃಷಿ ಗಣತಿಯ ಪ್ರಕಾರ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಂದಿ. ಜಮೀನು ಯಾರದೆಂದು ಹೇಳುವ ಪಹಣಿಯಲ್ಲಿ ಹೆಸರಿಲ್ಲದವಳನ್ನು ಸರ್ಕಾರದ ಲೆಕ್ಕ ರೈತಳೆಂದು ಕಾಣುವುದು ಕಷ್ಟ: ಬೆಳೆಸಾಲ, ಬೆಳೆವಿಮೆ, ಹನಿ ನೀರಾವರಿಯ ಸಹಾಯಧನ, ಹೆದ್ದಾರಿಗೋ ಕೈಗಾರಿಕೆಗೋ ಭೂಮಿ ಹೋದಾಗ ಬರುವ ಪರಿಹಾರ, ಎಲ್ಲವೂ ಆ ಒಂದು ಹೆಸರಿನ ಹಿಂದೆ ಹೋಗುತ್ತವೆ. ಮಾಲೂರು, ನರಸಾಪುರದ ಸುತ್ತ ನೆಲದ ಬೆಲೆ ಏರಿದ ಮೇಲೆ ಈ ಮಾತಿನ ತೂಕ ಇನ್ನೂ ಹೆಚ್ಚಿದೆ.

ಅದೇ ಮನೆಯ ಟ್ರಂಕಿನಲ್ಲಿ ಇನ್ನೊಂದು ಕಾಗದವಿದೆ, ಪಡಿತರ ಚೀಟಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅದರಲ್ಲಿ ಕುಟುಂಬದ ಮುಖ್ಯಸ್ಥೆ ಮನೆಯ ಹಿರಿಯ ಹೆಣ್ಣುಮಗಳು. 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರುವುದೂ ಆಕೆಯ ಖಾತೆಗೆ. ಆ ಹಣ ಹೆಂಗಸರ ಕೈಯಲ್ಲಿ ಏನೇನು ಕೆಲಸ ಮಾಡುತ್ತಿದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಹಗುರವಾಗಿ ಕಾಣುವವರ ಜೊತೆ ನನಗೆ ಒಮ್ಮತವಿಲ್ಲ. ಆದರೂ ಅಕ್ಕಿ ತರುವ ಕಾಗದದಲ್ಲಿ ಯಜಮಾನಿಯಾದವಳು ಅಕ್ಕಿ ಬೆಳೆಯುವ ನೆಲದ ಕಾಗದದಲ್ಲಿ ಏಕಿಲ್ಲ ಎಂದು ಕೇಳಲೇಬೇಕಾಗಿದೆ.

ಕೇಳುತ್ತಿರುವ ಅಕ್ಕಂದಿರಲ್ಲಿ, ತಂಗಿಯರಲ್ಲಿ ಒಂದೆರಡು ವಿನಂತಿ. ಮನೆಯ ಹಿರಿಯರು ತೀರಿಕೊಂಡಾಗ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗಾಗಿ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುತ್ತಾರೆ. ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ಬಹುತೇಕ ಅಲ್ಲಿಯೇ. ಅದರಲ್ಲಿ ನಿಮ್ಮ ಹೆಸರಿದೆಯೇ ಎಂದು ನೋಡಿ. ಹೆಬ್ಬೆಟ್ಟು ಒತ್ತುವ ಮುನ್ನ ಪತ್ರವನ್ನು ನಿಮ್ಮ ಮಗಳಿಂದಲೋ ಮಗನಿಂದಲೋ ಪೂರ್ತಿ ಓದಿಸಿಕೊಳ್ಳಿ. ಸಂದೇಹವಿದ್ದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಅಣ್ಣತಮ್ಮಂದಿರಿಗೂ ಒಂದು ಮಾತಿದೆ. ಅಕ್ಕತಂಗಿಯರು ಬಾಯಿಬಿಟ್ಟು ಕೇಳಲಿ ಎಂದು ಕಾಯಬೇಡಿ, ಅರ್ಜಿಯಲ್ಲಿ ನೀವೇ ಅವರ ಹೆಸರು ಬರೆಯಿರಿ.

2018ರಲ್ಲಿ ನಮ್ಮ ಅಪ್ಪ ತೀರಿಕೊಂಡಾಗ ನನ್ನ ತಮ್ಮ ಹಾಗೆಯೇ ಬರೆದ. ಖಾತೆ ಅಮ್ಮ, ನಾನು, ಅವನು, ಮೂವರ ಹೆಸರಿಗೂ ಜಂಟಿಯಾಗಿ ಬಂತು. ಮರುವರ್ಷ ಅಮ್ಮ ತಮ್ಮ ಹೆಸರಿನಲ್ಲೇ ಹಿಪ್ಪುನೇರಳೆ ತೋಟದ ಹನಿ ನೀರಾವರಿಗೆ ಅರ್ಜಿ ಹಾಕಿದರು. ತೋಟ ನೋಡಲು ಬಂದ ಅಧಿಕಾರಿ, ಸಾಲಿನಿಂದ ಸಾಲಿಗೆ ಎಷ್ಟು ಅಡಿ ಬಿಟ್ಟಿದ್ದೀರಿ ಎಂದು ತಮ್ಮನನ್ನು ಕೇಳಿದರು. ತಮ್ಮ ಅಮ್ಮನ ಕಡೆ ನೋಡಿದ. ಅಮ್ಮ ಸೆರಗು ಸಿಕ್ಕಿಸಿಕೊಂಡು, ಮೊದಲ ಸಾಲಿನಿಂದಲೇ ತೋರಿಸುತ್ತೇನೆ ಬನ್ನಿ ಎಂದು ಮುಂದೆ ನಡೆದರು.