ಸಂಶೋಧನೆ ಜಗಲಿಗೆ ಬರಲಿ

ಕೇಳುಗರಿಗೆ ನಮಸ್ಕಾರ. ತೋಟದಿಂದ ಬಂದು ಕೈಕಾಲು ತೊಳೆದು ರೇಡಿಯೋ ಹಾಕಿದವರು, ಅಡುಗೆಮನೆಯಿಂದಲೇ ಕಿವಿಗೊಟ್ಟವರು, ನಿಮ್ಮನ್ನೇ ಕಣ್ಣೆದುರು ಇಟ್ಟುಕೊಂಡು ಮಾತಾಡುತ್ತೇನೆ. ಹೇಳಲಿಕ್ಕಿರುವುದು ಒಂದೇ ಮಾತು. ಸಂಶೋಧನೆ ಮಾಡಿದವರೇ ನಿಮ್ಮೂರಿಗೆ ಬಂದು, ಜಗಲಿಯಲ್ಲಿ ಕೂತು, ತಾವು ಕಂಡದ್ದನ್ನು ಕನ್ನಡದಲ್ಲಿ ಹೇಳಬೇಕು. ಯಾರೋ ಕಳಿಸಿದರು ಅಂತಲ್ಲ, ರಜೆಯ ದಿನ ತಾವಾಗಿಯೇ ಬರಬೇಕು.

ಇದೇನು ಹೊಸ ಮಾತಲ್ಲ. ನೂರು ವರ್ಷದ ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಮಾಡುತ್ತಲೇ ಕನ್ನಡದಲ್ಲಿ ವಿಜ್ಞಾನ ಮಾಸಪತ್ರಿಕೆ ನಡೆಸಿದರು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಅಡಿಕೆ ಕೊಳೆರೋಗದ ಬಗ್ಗೆ ತಮ್ಮ ಸಂಶೋಧನೆಯನ್ನು 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆದರೆ ಕೊಳೆ ತಡೆಯಬಹುದೆಂದು ತೋರಿಸಿಕೊಟ್ಟವರೂ ಅವರೇ.

ಕೊಳೆ ಎಂದ ಕೂಡಲೇ ತೀರ್ಥಹಳ್ಳಿ ಕಡೆಯ ಒಂದು ಸಂಜೆಯನ್ನು ಹೇಳಲೇಬೇಕು. ಆಶ್ಲೇಷಾ ಮಳೆ ಹೊಯ್ಯುತ್ತಿತ್ತು, ಕರೆಂಟು ಹೋಗಿತ್ತು. ಸಸ್ಯರೋಗದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಸೂಕ್ಷ್ಮದರ್ಶಕವನ್ನು ಪ್ಲಾಸ್ಟಿಕ್ ಕೊಪ್ಪೆಯಲ್ಲಿ ಸುತ್ತಿಕೊಂಡು ಬಂದಿದ್ದಳು. ಜೊತೆಗೆ ನಾನಿದ್ದೆ. ಉದುರಿದ ಕಾಯಿಯ ಮೇಲಿನ ಬಿಳಿ ಬೂಷ್ಟನ್ನು ಬಾವಿಯ ತಣ್ಣೀರಿನಲ್ಲಿ ನೆನೆಸಿಟ್ಟಳು. ಅರ್ಧ ಗಂಟೆ ಎಲ್ಲರೂ ಕಾಫಿ ಕುಡಿದೆವು. ಆಮೇಲೆ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಕೆಳಗಿನ ಕನ್ನಡಿಗೆ ಟಾರ್ಚ್ ಬಿಟ್ಟು, ಒಬ್ಬೊಬ್ಬರನ್ನೇ ಕರೆದು ತೋರಿಸಿದಳು. ಮನೆಯ ಹಿರಿಯಮ್ಮ ಕನ್ನಡಕ ತೆಗೆದು ಬಗ್ಗಿ ನೋಡಿದವರು, "ಓ ಮಾರಾಯ್ತಿ, ಇವು ಈಜ್ತಾವಲ್ಲೇ!" ಅಂದರು.

ಹೌದು, ಈಜುತ್ತವೆ. ಕೊಳೆರೋಗದ ಬೀಜಾಣುಗಳಿಗೆ ಬಾಲದಂಥ ಎಳೆಗಳಿವೆ. ಕಾಯಿಯ ಮೇಲೆ ನೀರಿನ ತೆಳು ಪಸೆಯಿದ್ದರೂ ಸಾಕು, ಈಜಿ ಹೋಗಿ ಒಳಗೆ ಇಳಿಯುತ್ತವೆ. ಆ ತಾಯಿ ತಲೆಯೆತ್ತಿ, "ಹಂಗಾದ್ರೆ ನಮ್ಮ ಮಾವನೋರು ಕೊನೆಗೆ ಕೊಟ್ಟೆ ಕಟ್ಟಿಸ್ತಿದ್ದಿದ್ದು ಇದಕ್ಕೇಯಾ? ನೀರು ತಾಗದಿದ್ರೆ ಇವು ಹೋಗೋದಾದ್ರೂ ಹೆಂಗೆ?" ಎಂದು ಕೇಳಿದರು. ಕೊಟ್ಟೆಯೆಂದರೆ ಮಳೆ ತಾಗದಂತೆ ಅಡಿಕೆ ಗೊನೆಗೆ ಕಟ್ಟುವ ಹೊದಿಕೆ. ಎಂಥ ಪ್ರಶ್ನೆ ನೋಡಿ! ಉತ್ತರವೂ ಅದರಲ್ಲೇ ಇತ್ತು. ಮಗ ಕೂಡಲೇ, "ಮಳೆ ಹಿಡಿಯೋ ಮೊದ್ಲೇ ಔಷಧಿ ಹೊಡೀರಿ ಅಂತ ಎಲ್ರೂ ಹೇಳಿದ್ರು, ಯಾಕೆ ಅಂತ ಒಬ್ರೂ ಹೇಳಿರ್ಲಿಲ್ಲ" ಅಂದ. ಬೋರ್ಡೋ ದ್ರಾವಣ ಕಾಯಿಯ ಹೊರಗೆ ಕೂತು ಕಾಯುತ್ತದೆ, ಒಳಹೊಕ್ಕ ರೋಗವನ್ನು ಗುಣಪಡಿಸುವುದಿಲ್ಲ. ಇದನ್ನು ಅಚ್ಚು ಹಾಕಿಸಿ ಹಂಚಿದ ಕರಪತ್ರಗಳಿಗೆ ಲೆಕ್ಕವಿಲ್ಲ. ಅರ್ಥವಾದದ್ದು ಆ ಜಗಲಿಯಲ್ಲಿ, ಕಂಡವಳೇ ಬಂದು ತೋರಿಸಿದಾಗ.

ಕೊಟ್ಟ ಸಮಯದಲ್ಲಿ ಹೆಚ್ಚಿನದು ಇದಕ್ಕೇ ಹೋಯಿತು, ಆದರೂ ಮಂಗನ ಕಾಯಿಲೆಯ ಮಾತು ಬಿಡುವಂತಿಲ್ಲ. 1957ರಲ್ಲಿ ಈ ವೈರಸ್ ಗೊತ್ತಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಕಾಡಿನ ಹೆಸರನ್ನೇ ಜಗತ್ತಿನ ವೈದ್ಯರೆಲ್ಲ ರೋಗಕ್ಕೆ ಬಳಸುತ್ತಾರೆ. ಮಂಗ ಸತ್ತು ಬಿದ್ದಲ್ಲಿ ಅದರ ಮೈಮೇಲಿನ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳು, ಸುತ್ತ ಚದುರುತ್ತದೆ. ದರಗು ಗುಡಿಸಲು, ಸೌದೆ ತರಲು ಹೋದವರಿಗೆ ಅದು ಕಚ್ಚಿ ರೋಗ ಅಂಟಿಸುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಜ್ವರ ಬಂದವರನ್ನು ದೂರ ಇಡಬೇಡಿ. ಇಷ್ಟನ್ನು ಕಾಡಂಚಿನ ಪ್ರತಿ ಕೇರಿಯಲ್ಲೂ ಚಳಿಗಾಲಕ್ಕೆ ಮೊದಲೇ ಯಾರಾದರೂ ಬಂದು ಹೇಳಬೇಡವೇ?

ನನ್ನ ಜೊತೆಯ ಸಂಶೋಧಕರು ಕೆಲವರು "ಪುರುಸೊತ್ತಿಲ್ಲ" ಎನ್ನುತ್ತಾರೆ. ಸ್ವಾಮಿ, ನಿಮ್ಮ ಪ್ರಯೋಗಾಲಯದ ಖರ್ಚು ಈ ಜನ ಕಟ್ಟಿದ ತೆರಿಗೆಯದು. ತಿಂಗಳಿಗೆ ಒಂದು ಭಾನುವಾರ ಬನ್ನಿ. ಪ್ರೊಜೆಕ್ಟರ್ ಬೇಡ, ಹಾರತುರಾಯಿ ಬೇಡ. ನೀವು ಕಂಡದ್ದನ್ನು ಹೇಳಿ, ಅವರು ಕೇಳಿದ್ದಕ್ಕೆ ಉತ್ತರಿಸಿ.

ಕೇಳುಗರೇ, ನೀವೂ ಕರೆಯಬೇಕು. ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಒಂದು ಕಾಗದ ಬರೆಯಿರಿ. ಅಡಿಕೆ ಸುಲಿತ ಶುರುವಾದ ಮೇಲೆ ರಾತ್ರಿ ಹತ್ತಾರು ಜನ ಒಂದೇ ಚಪ್ಪರದಲ್ಲಿ ಕೂತಿರುತ್ತೀರಿ, ಕೈಗೆ ಕೆಲಸ, ಕಿವಿಗೆ ಬಿಡುವು. ಯಾವ ದಿನ, ಯಾರ ಮನೆ, ಏನು ತಿಳಿಯಬೇಕು ಎಂದು ಬರೆದು ಕಳಿಸಿ. ನಮಸ್ಕಾರ.