ಚಿಕ್ಕ ಶಾಲೆಯಲ್ಲಿ ಅಡಗಿ ಕೂರಲು ಜಾಗವಿಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಏಳನೇ ಕ್ಲಾಸ್ ಮುಗಿಸಿದ ಮಗು ಮನೆಯಲ್ಲಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಾಸರಗೋಡು ಕಡೆ ಒಂದೇ ಚರ್ಚೆ. ಎಂಟನೆಗೆ ಎಲ್ಲಿಗೆ ಸೇರಿಸುವುದು? ಪೇಟೆಯ ದೊಡ್ಡ ಶಾಲೆಗಾ, ಇಲ್ಲೇ ಗುಡ್ಡೆಯ ಆಚೆ ಇರುವ ಹೈಸ್ಕೂಲಿಗಾ? ಪೇಟೆಯದ್ದಾದರೆ ಬಸ್ಸು ಗೇಟಿನವರೆಗೆ ಬರುತ್ತದೆ, ಟೈ ಇದೆ, ಇಂಗ್ಲಿಷ್ ಇದೆ. ಇಲ್ಲಿಯದ್ದಾ, "ಅಯ್ಯೋ, ಅಲ್ಲಿ ಮಕ್ಕಳೇ ಇಲ್ಲ ಮಾರಾಯ್ರೆ" ಅಂತ ಮೂಗು ಮುರಿಯುತ್ತಾರೆ. ನಾನು ಇವತ್ತು ಆ ಮಕ್ಕಳು ಕಡಿಮೆ ಇರುವ ಶಾಲೆಯ ಬಗ್ಗೆಯೇ ಮಾತಾಡುತ್ತೇನೆ. ಬದಿಯಡ್ಕಕ್ಕೂ ಪೆರ್ಲಕ್ಕೂ ನಡುವೆ ಒಳದಾರಿಯಲ್ಲಿರುವ ಅಂಥದ್ದೊಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನನ್ನ ಮಗಳು ಓದುತ್ತಿದ್ದಾಳೆ. ಪಿಟಿಎ, ಅಂದರೆ ಹೆತ್ತವರ ಮತ್ತು ಟೀಚರುಗಳ ಸಂಘದ ಮೀಟಿಂಗಿಗೆ ಹೋಗಿ ಹೋಗಿ ಅಲ್ಲಿಯ ದಿನಚರಿ ಅವಳಷ್ಟೇ ನನಗೂ ಗೊತ್ತು.

ಒಂದು ಕ್ಲಾಸಿನಲ್ಲಿ ಇಪ್ಪತ್ತು ಚಿಲ್ಲರೆ ಮಕ್ಕಳು, ಅಷ್ಟೇ. ಹಿಂದಿನ ಬೆಂಚು ಅಂದರೆ ಅಲ್ಲಿ ನಾಲ್ಕನೇ ಬೆಂಚು. ಹೋಮ್‌ವರ್ಕ್ ಮಾಡದೆ ತಲೆ ತಗ್ಗಿಸಿ ಕೂತರೆ ಟೀಚರಿಗೆ ಕಾಣುವುದಿಲ್ಲ ಅನ್ನುವ ಸುಖ ಅಲ್ಲಿಲ್ಲ.

ಇದರ ನಿಜವಾದ ಪರಿಣಾಮ ಕಾಣುವುದು ಕಲೋತ್ಸವ ಬಂದಾಗ. ಕೇರಳದ ಶಾಲೆಗಳಲ್ಲಿ ಕಲೋತ್ಸವ ಅಂದರೆ ಏನು ಅಂತ ಹೊರಗಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಶಾಲಾ ಮಕ್ಕಳ ಕಲಾ ಸ್ಪರ್ಧೆ ಅದು, ಮೊದಲು ಶಾಲೆಯಲ್ಲಿ, ಆಮೇಲೆ ಉಪಜಿಲ್ಲೆ, ಆಮೇಲೆ ಜಿಲ್ಲೆ, ಕೊನೆಗೆ ರಾಜ್ಯ. 1957ರಿಂದ ನಡೆದು ಬಂದಿದೆ, 2019ರಲ್ಲಿ ರಾಜ್ಯಮಟ್ಟದ್ದು ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿ ಆಯಿತು. ಸ್ಪರ್ಧೆಗಳ ಪಟ್ಟಿಯಲ್ಲಿ ಕನ್ನಡ ಭಾಷಣ ಇದೆ, ಕನ್ನಡ ಕಂಠಪಾಠ ಇದೆ, ಯಕ್ಷಗಾನವೂ ಇದೆ. ಈಗ ನೋಡಿ, ಸಾವಿರಗಟ್ಟಲೆ ಮಕ್ಕಳಿರುವ ಶಾಲೆಯಲ್ಲಿ ಯಕ್ಷಗಾನ ತಂಡ ಕಟ್ಟಬೇಕಾದರೆ ಮೊದಲೇ ಕುಣಿಯಲು ಬರುವವರನ್ನು ಆರಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ನಮ್ಮಲ್ಲಿ ಆರಿಸಲಿಕ್ಕೆ ಯಾರಿದ್ದಾರೆ? ಇದ್ದವರೇ ಗೆಜ್ಜೆ ಕಟ್ಟಬೇಕು. ಹಾಗಾಗಿಯೇ ನಮ್ಮ ಒಂಬತ್ತನೆಯ ಒಬ್ಬ ಹುಡುಗ, ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಕಿಟಕಿ ನೋಡುವವನು, ಜನ ಸಾಲದ್ದಕ್ಕೆ ರಾಕ್ಷಸ ವೇಷಕ್ಕೆ ನಿಂತ. ಮನೆಯಲ್ಲಿ ಮಲಯಾಳ ಮಾತಾಡುವ ಹುಡುಗ ಅವನು. ಕನ್ನಡದ ಅರ್ಥ, ಅಂದರೆ ವೇಷದ ಮಾತು, ಹೇಳುವುದನ್ನು ಕಲಿಯಲು ಮಧ್ಯಾಹ್ನದ ಬಿಡುವಿನಲ್ಲಿ ಕನ್ನಡ ಟೀಚರ ಹಿಂದೆ ಸುತ್ತಿದ. ಬಹುಮಾನ ಬಂತಾ ಅಂತ ಕೇಳಬೇಡಿ, ಬರಲಿಲ್ಲ. ಆದರೆ ಆ ಗಂಟಲು ಒಮ್ಮೆ ಬಿಟ್ಟ ಮೇಲೆ ಸಮಾಜ ವಿಜ್ಞಾನದ ಕ್ಲಾಸಿನಲ್ಲೂ ಅವನನ್ನು ಸುಮ್ಮನಿರಿಸುವುದೇ ಕೆಲಸ ಆಯಿತಂತೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ದೊಡ್ಡ ಶಾಲೆಗೆ ಮಗು ಸೇರುತ್ತದೆ, ಚಿಕ್ಕ ಶಾಲೆಗೆ ಮಗು ಬೇಕಾಗುತ್ತದೆ. ತಾನು ಬಾರದಿದ್ದರೆ ಅಸೆಂಬ್ಲಿಯಲ್ಲಿ ಪ್ರಾರ್ಥನೆಗೆ ಒಂದು ದನಿ ಕಡಿಮೆ ಅಂತ ಗೊತ್ತಿರುವ ಮಗು ಶಾಲೆಗೆ ಹೋಗುವ ರೀತಿಯೇ ಬೇರೆ.

ಊಟದ ಹೊತ್ತು ನೋಡಬೇಕು ನೀವು. ಕೇರಳದಲ್ಲಿ ಸರಕಾರದ ಮಧ್ಯಾಹ್ನದ ಊಟ ಎಂಟನೆಯವರೆಗೆ. ಒಂಬತ್ತು, ಹತ್ತನೆಯವರು ಬುತ್ತಿ ತರಬೇಕು. ದೊಡ್ಡ ಕಡೆ ಇವರು ಅಲ್ಲಿ, ಅವರು ಇಲ್ಲಿ. ನಮ್ಮಲ್ಲಿ ಎಲ್ಲರೂ ಒಂದೇ ಜಗಲಿಯಲ್ಲಿ ಕೂರುತ್ತಾರೆ, ಅನ್ನ ಸಾಂಬಾರು ಮಿಕ್ಕಿದರೆ ದೊಡ್ಡ ಮಕ್ಕಳ ತಟ್ಟೆಗೂ ಬೀಳುತ್ತದೆ. ಬುತ್ತಿ ತಾರದವರು ಯಾರು, ಮರೆತದ್ದಾ ಅಥವಾ ಮನೆಯಲ್ಲಿ ಏನಾದರೂ ತೊಂದರೆಯಾ, ಇದು ಅಡುಗೆಯ ಅಕ್ಕನಿಗೆ ಹೆಡ್ ಮಾಸ್ಟ್ರಿಗಿಂತ ಮೊದಲು ಗೊತ್ತಾಗುತ್ತದೆ. ಆ ಜಗಲಿಯಲ್ಲಿ ಒಂದು ಸುತ್ತು ಬಂದರೆ ತುಳು, ಹವ್ಯಕ ಕನ್ನಡ, ಮಲಯಾಳ, ಬ್ಯಾರಿ, ಮರಾಠಿ ಎಲ್ಲ ಕಿವಿಗೆ ಬೀಳುತ್ತವೆ. ನಮ್ಮ ಊರು ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಇಲ್ಲಿ ಮಕ್ಕಳು ಅದರಲ್ಲೇ ಉಪ್ಪಿನಕಾಯಿ ಕೇಳುತ್ತಾರೆ, ಜಗಳವೂ ಆಡುತ್ತಾರೆ.

ಹತ್ತನೆಯವರ ಕಥೆ ಬೇರೆ. ಜನವರಿ ಕಳೆದ ಮೇಲೆ ಸಂಜೆ ಕ್ಲಾಸ್ ಶುರು. ಪಿಟಿಎಯವರು ಸರದಿಯಲ್ಲಿ ಅವಲಕ್ಕಿ, ಬಾಳೆಹಣ್ಣು, ಚಾ ಹೊರುತ್ತೇವೆ. ಕತ್ತಲಾದರೆ ಯಾರ ಮಗಳನ್ನು ಯಾರ ಬೈಕಿನಲ್ಲಿ ಬಿಡುವುದು ಅಂತ ಗ್ರೂಪಿನಲ್ಲಿ ಲೆಕ್ಕ ನಡೆಯುತ್ತದೆ. ಫಲಿತಾಂಶ ಬಂದ ದಿನ ಪೇಟೆಯಲ್ಲೆಲ್ಲ ಫುಲ್ ಎ ಪ್ಲಸ್, ಅಂದರೆ ಎಲ್ಲ ವಿಷಯಕ್ಕೂ ಎ ಪ್ಲಸ್ ಬಂದವರ ಫ್ಲೆಕ್ಸು ಏಳುತ್ತದೆ. ನಮ್ಮ ಟೀಚರುಗಳಿಗೆ ಜಾಸ್ತಿ ನಿದ್ದೆ ಕೆಡಿಸುವವರು ಪಾಸಾಗಲು ಬೇಕಾದ ಡಿ ಪ್ಲಸ್‌ನ ಅಂಚಿನಲ್ಲಿರುವ ನಾಲ್ಕೈದು ಜನ. ಮನೆಗೇ ಹೋಗುತ್ತಾರೆ. ಅಡಿಕೆ ಕೊಯ್ಲಿನ ಸಮಯ, ಹುಡುಗ ಅಂಗಳದಲ್ಲಿ ಅಡಿಕೆ ಹರಡುತ್ತಿರುತ್ತಾನೆ, ಗೇಟಿನಲ್ಲಿ ಗಣಿತದ ಮಾಸ್ಟ್ರು! ಓಡುವುದೆಲ್ಲಿಗೆ ಹೇಳಿ.

ಈಗಂತೂ ಇದು ಇನ್ನೂ ಮುಖ್ಯ. ಬರೆಯುವ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಶೇಕಡಾ 30 ಇರಲೇಬೇಕು ಅನ್ನುವ ನಿಯಮವನ್ನು ಕೇರಳ 2024-25ರಲ್ಲಿ ಎಂಟನೆಗೆ ತಂದಿತು. ಅಷ್ಟು ಬಾರದವರಿಗೆ ರಜೆಯಲ್ಲಿ ಬೇರೆ ಕ್ಲಾಸು, ಮತ್ತೆ ಪರೀಕ್ಷೆ. ಮುಂದಿನ ಕ್ಲಾಸುಗಳಿಗೂ ವರ್ಷಕ್ಕೊಂದರಂತೆ ಅದನ್ನು ವಿಸ್ತರಿಸುವುದು ಅಂತಲೇ ಆಗ ತೀರ್ಮಾನವಾಗಿತ್ತು. ಯಾವ ಮಗುವಿಗೆ ಯಾವ ಪಾಠ ಹತ್ತುವುದಿಲ್ಲ ಅಂತ ತಿಳಿಯಲು ಚಿಕ್ಕ ಶಾಲೆಯವರು ಆ ಪರೀಕ್ಷೆಗೆ ಕಾಯಬೇಕಾಗಿಲ್ಲ, ಅಲ್ವಾ?

ನಮ್ಮ ಕಡೆ ಮಾಸ್ಟ್ರು ಅಂದರೆ ಬೆಲ್ ಹೊಡೆದ ಕೂಡಲೇ ಬ್ಯಾಗ್ ಹಿಡಿದು ಹೊರಡುವವರು ಅಲ್ಲ ಅನ್ನುವುದಕ್ಕೆ ದೊಡ್ಡ ಉದಾಹರಣೆ ಹತ್ತಿರದಲ್ಲೇ ಇದೆ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕಲಿಸಿದವರು ಕಯ್ಯಾರ ಕಿಞ್ಞಣ್ಣ ರೈಗಳು. ಕವಿ, ಕೃಷಿಕ, ಹೋರಾಟಗಾರ, ಎಲ್ಲವೂ ಆಗಿ ಮಾಸ್ಟ್ರೂ ಆಗಿದ್ದರು. 1969ರಲ್ಲಿ ರಾಷ್ಟ್ರಮಟ್ಟದ ಶಿಕ್ಷಕ ಪ್ರಶಸ್ತಿ ಬಂತು. ಎಲ್ಲರೂ ಕಯ್ಯಾರರಾಗಲು ಆಗುವುದಿಲ್ಲ ಬಿಡಿ. ಊರಿನ ಸಂಗತಿ ಗೊತ್ತಿರುವ ಮಾಸ್ಟ್ರು ಸಿಕ್ಕಿದರೂ ಸಾಕು.

ಎಲ್ಲ ಚಂದ ಅಂತ ಹೇಳಿದರೆ ನನ್ನ ಮಗಳೇ ನಗುತ್ತಾಳೆ. ಅವಳ ದೂರು ಬೇಕಾದಷ್ಟಿದೆ. ಗೆಳತಿಯ ಜೊತೆ ಮಾತು ಬಿಟ್ಟರೆ ಇಡೀ ಶಾಲೆಗೆ ಸುದ್ದಿ. ಬೇರೆ ಗುಂಪಿಗೆ ಹೋಗೋಣ ಅಂದರೆ ಬೇರೆ ಗುಂಪೇ ಇಲ್ಲ. ಮಧ್ಯಾಹ್ನ ಮಾಡಿದ ತಂಟೆ ಅವಳಿಗಿಂತ ಮೊದಲು ಮನೆ ಮುಟ್ಟಿರುತ್ತದೆ. ಹದಿನಾಲ್ಕು ವರ್ಷದವರಿಗೆ ಸ್ವಲ್ಪ ಯಾರ ಕಣ್ಣಿಗೂ ಬೀಳದೆ ಇರುವುದೂ ಬೇಕಲ್ಲ, ಅದು ಅಲ್ಲಿ ಸಿಗುವುದಿಲ್ಲ. ಇನ್ನೊಂದು, ಕನ್ನಡ ಬಾರದ ಟೀಚರು ಕನ್ನಡ ಮಾಧ್ಯಮಕ್ಕೆ ಬಂದುಬಿಡುವ ಗೋಳು. ದೊಡ್ಡ ಕಡೆ ಆ ವಿಷಯಕ್ಕೆ ಇನ್ನೊಬ್ಬರಾದರೂ ಇರುತ್ತಾರೆ. ಚಿಕ್ಕ ಕಡೆ ವಿಷಯಕ್ಕೆ ಒಬ್ಬರೇ. ಅವರು ಹೇಳಿದ್ದು ಅರ್ಥವಾಗದಿದ್ದರೆ ಮಕ್ಕಳ ಒಂದು ವರ್ಷವೇ ಹೋಯಿತು.

ಮತ್ತೆ ಮಕ್ಕಳ ಲೆಕ್ಕದ ಹೆದರಿಕೆ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೆ ಅನ್ನುವುದರ ಮೇಲೆ ಆ ವರ್ಷ ಎಷ್ಟು ಡಿವಿಷನ್, ಟೀಚರುಗಳ ಎಷ್ಟು ಪೋಸ್ಟ್ ಅಂತ ನಿಶ್ಚಯವಾಗುತ್ತದೆ. ಜೋರು ಮಳೆ, ತೋಡು ತುಂಬಿರುತ್ತದೆ, ಟೀಚರುಗಳು ಬೆಳಿಗ್ಗೆಯಿಂದ ಗೇಟಿನ ಕಡೆಯೇ ನೋಡುತ್ತಿರುತ್ತಾರೆ. ನಾಲ್ಕು ಮನೆಯವರು ಪೇಟೆಗೆ ಮುಖ ಮಾಡಿದರೆ ಒಂದು ಪೋಸ್ಟ್ ಹೋಯಿತು. ಪೋಸ್ಟ್ ಹೋದರೆ ಮರುವರ್ಷ ಇನ್ನೂ ನಾಲ್ಕು ಮನೆಯವರು ಹೊರಡುತ್ತಾರೆ.

ಹಾಗಾಗಿ ಎಂಟನೆಗೆ ಶಾಲೆ ಹುಡುಕುತ್ತಿರುವವರು ಫಾರ್ಮ್ ತುಂಬುವ ಮೊದಲು ಹತ್ತಿರದ ಹೈಸ್ಕೂಲಿಗೆ ಒಮ್ಮೆ ಹೋಗಿ. ವಾರ್ಷಿಕೋತ್ಸವದ ದಿನ ಬೇಡ, ಸಾದಾ ಒಂದು ಕೆಲಸದ ದಿನ, ಊಟದ ಬೆಲ್ ಆಗುವ ಹೊತ್ತಿಗೆ. ಮಗುವನ್ನೂ ಕರೆದುಕೊಂಡು ಹೋಗಿ. ಆಫೀಸ್ ರೂಮಿಗಿಂತ ಮೊದಲು ಅಡುಗೆಯ ಅಕ್ಕನ ಹತ್ತಿರ ಮಾತಾಡಿ, ಯಾವ ವಿಷಯಕ್ಕೆ ಟೀಚರು ಇಲ್ಲ ಅಂತಲೂ ಮುಖಕ್ಕೆ ಮುಖ ಕೇಳಿ. ಆಮೇಲೆ ಪೇಟೆ ಶಾಲೆಯನ್ನೂ ನೋಡಿ, ಬೇಡ ಅನ್ನುವುದಿಲ್ಲ.

ನಮಸ್ಕಾರ.